ಎಂಥ ಮಾರಾಯ, ಕುಶಾಲಾ?

ಮೊನ್ನೆ ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಅಮ್ಮನ ಜೊತೆ ಕೂತು 'ಸು ಫ್ರಮ್ ಸೋ' ಇನ್ನೊಮ್ಮೆ ನೋಡಿದೆ. ನಮ್ಮ ಮನೆಯಲ್ಲಿ ಇದು ನಾಲ್ಕನೇ ಸಲ! ಮೊದಲ ಸಲ ನೋಡಿದ್ದು 2025ರ ಜುಲೈ ಕೊನೆಗೆ, ಸಿನಿಮಾ ಬಿಡುಗಡೆಯಾದ ವಾರವೇ, ಬಿಜೈಯ ಭಾರತ್ ಮಾಲಿನಲ್ಲಿ. ಹೊರಗೆ ಆಟಿ ತಿಂಗಳ ಜಡಿಮಳೆ, ಒಳಗೆ ಹೌಸ್‌ಫುಲ್. ಆಮೇಲಿನದ್ದೆಲ್ಲ ಮನೆಯ ಟಿವಿಯಲ್ಲಿ. ಅಮ್ಮನಿಗೆ ಈಗ ಡೈಲಾಗ್ ಬರುವ ಮೊದಲೇ ನಗು ಬರ್ತದೆ. "ಇತ್ತೆ ತೂಲ, ಇತ್ತೆ ತೂಲ" (ಈಗ ನೋಡು, ಈಗ ನೋಡು) ಅಂತ ನನ್ನ ತೊಡೆಗೆ ಹೊಡೆದು ಹೊಡೆದು ಹೇಳಿ ಇದ್ದ ಜೋಕನ್ನೆಲ್ಲ ಹಾಳು ಮಾಡ್ತಾರೆ :-)

ಸಿನಿಮಾ ವಿಮರ್ಶೆ ಬರೆಯುವಷ್ಟು ದೊಡ್ಡ ಜನ ನಾನಲ್ಲ. ಕ್ಯಾಮೆರಾ, ಎಡಿಟಿಂಗ್ ಎಲ್ಲ ನನಗೆ ಅಷ್ಟಕ್ಕಷ್ಟೆ. ನೋಡುವುದು, ಚಂದ ಇದ್ರೆ ಚಂದ ಉಂಟು ಅನ್ನುವುದು, ಇಲ್ಲದಿದ್ರೆ ಅರ್ಧದಲ್ಲಿ ಎದ್ದು ಚಾ ಮಾಡಲಿಕ್ಕೆ ಹೋಗುವುದು, ಇಷ್ಟೇ ನನ್ನ ವಿಮರ್ಶೆ. ಆದರೆ ಕಳೆದ ಕೆಲವು ತಿಂಗಳಿಂದ ನಮ್ಮ ಕರಾವಳಿಯ ಕಥೆ ಇರುವ ಸಿನಿಮಾಗಳನ್ನೇ, ಹಳತು ಹೊಸತು ಎಲ್ಲ ಸೇರಿಸಿ, ಒಂದರ ಹಿಂದೆ ಒಂದು ನೋಡ್ತಾ ಇದ್ದೇನೆ. ನೋಡ್ತಾ ನೋಡ್ತಾ ಒಂದು ವಿಷಯ ಮಂಡೆಯೊಳಗೆ ಕೂತು ಕೊರೀಲಿಕ್ಕೆ ಶುರು ಮಾಡಿದೆ. ಅದನ್ನು ಹೇಳಬೇಕಾದರೆ ಮೊದಲು ಒಂದು ಬೊಂಡದ ಕಥೆ ಹೇಳಬೇಕು.

ನಾನು ಕೆಲಸಕ್ಕೆ ಅಂತ ಬೆಂಗಳೂರಿಗೆ ಹೋಗಿ ಮೂರು ವರ್ಷ ಇದ್ದೆ. ನಾವು ನಾಲ್ಕು ಜನ ಒಂದು ಮನೆ ಮಾಡಿಕೊಂಡಿದ್ದೆವು. ಉಳಿದ ಮೂರು ಜನ ಒಬ್ಬ ತುಮಕೂರಿನವ, ಒಬ್ಬ ಮೈಸೂರಿನವ, ಇನ್ನೊಬ್ಬ ಬೆಂಗಳೂರಿನವನೇ. ಮೂರೂ ಜನ ಒಳ್ಳೆಯವರು, ಈಗಲೂ ನನ್ನ ಖಾಸ ದೋಸ್ತಿಗಳು. ಮೊದಲ ವಾರವೇ ನನ್ನ ಬಾಯಿಂದ ಬಿದ್ದ ಪ್ರತಿಯೊಂದು ಮಾತೂ ಅವರಿಗೆ ಮನರಂಜನೆ. "ಪಾತ್ರೆ ನಾನು ತೊಳೀತೇನೆ" ಅಂದ್ರೆ ನಗು. "ಫ್ರಿಜ್ಜಲ್ಲಿ ಹಾಲು ಉಂಟಾ?" ಅಂದ್ರೆ ನಗು. "ಮಂಡೆಬಿಸಿ ಮಾಡ್ಬೇಡ ಮಾರಾಯ" ಅಂದ ದಿನವಂತೂ ಕೇಳಬೇಡಿ, ರಾತ್ರಿ ಮಲಗುವವರೆಗೂ ಮಂಡೆ, ಬಿಸಿ ಅದೇ! "ನೀವು ಮಂಗಳೂರಿನವರು ಪಾಠ ಓದ್ದಂಗೆ ಮಾತಾಡ್ತೀರ ಮಗಾ" ಅಂತ ಹೇಳ್ತಿದ್ದರು.

ಅವರು ಹೇಳುವುದರಲ್ಲಿ ಸುಳ್ಳೇನೂ ಇರಲಿಲ್ಲ ಅನ್ನಿ. ನಮ್ಮಲ್ಲಿ ತುಂಬ ಜನರಿಗೆ ಕನ್ನಡ ಮನೆಯೊಳಗಿನ ಭಾಷೆ ಅಲ್ಲ. ಕೆಲವರ ಮನೆಯಲ್ಲಿ ತುಳು, ಕೆಲವರಲ್ಲಿ ಕೊಂಕಣಿ, ಕೆಲವರಲ್ಲಿ ಬ್ಯಾರಿ. ಹವ್ಯಕರ ಮನೆಯ ಕನ್ನಡವೂ ಬೇರೆಯೇ. 2011ರ ಜನಗಣತಿಯಲ್ಲಿ ತುಳು ತಮ್ಮ ಮಾತೃಭಾಷೆ ಅಂತ ಬರೆಸಿದವರೇ 18 ಲಕ್ಷದ ಮೇಲೆ ಇದ್ದಾರೆ. ಇಷ್ಟು ಜನ ಒಬ್ಬರಿಗೊಬ್ಬರು ಮಾತಾಡಲಿಕ್ಕೆ ತುಳು ಸಾಕಾಗದಿದ್ದಾಗ ಕನ್ನಡ. ಅದನ್ನು ಕಲಿತದ್ದು ಶಾಲೆಯಲ್ಲಿ, ಪೇಪರಿನಲ್ಲಿ, ಯಕ್ಷಗಾನದಲ್ಲಿ. ಹಾಗಾಗಿ ಅಕ್ಷರ ನುಂಗುವ ಅಭ್ಯಾಸ ನಮಗೆ ಕಡಿಮೆ. ಹಾಗಂತ ಕನ್ನಡ ನಮಗೆ ನಿನ್ನೆ ಮೊನ್ನೆ ಬಂದದ್ದೂ ಅಲ್ಲ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹುಟ್ಟಿದ್ದು 1843ರಲ್ಲಿ ಇದೇ ಊರಲ್ಲಿ. ಕಿಟ್ಟೆಲರ ನಿಘಂಟು 1894ರಲ್ಲಿ ಅಚ್ಚಾದದ್ದು ಇಲ್ಲಿಯ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ. ಆದರೆ ಈ ಜನರಲ್ ನಾಲೆಜ್ಜು ಬೇಕಾದ ಹೊತ್ತಿಗೆ ನೆನಪಾಗುವುದಿಲ್ಲ ನೋಡಿ! ನಾನು ಮಾಡಿದ್ದು ಸುಲಭದ ಕೆಲಸ. ಮೂರೇ ತಿಂಗಳಲ್ಲಿ 'ಉಂಟು' ಹೋಗಿ 'ಇದೆ' ಆಯ್ತು, 'ಮಾಡ್ತೇನೆ' ಹೋಗಿ 'ಮಾಡ್ತೀನಿ' ಆಯ್ತು, 'ಎಂಥ' ಹೋಗಿ 'ಏನು' ಆಯ್ತು. ಕೋಡ್‌ನಲ್ಲಿ ಫೈಂಡ್ ಅಂಡ್ ರಿಪ್ಲೇಸ್ ಮಾಡಿದ ಹಾಗೆ.

2022ರಲ್ಲಿ ಅಮ್ಮ ನಾಲ್ಕು ದಿನಕ್ಕೆ ಅಂತ ಬೆಂಗಳೂರಿಗೆ ಬಂದಿದ್ದರು. ಒಂದು ಸಂಜೆ ಎಲ್ಲರೂ ಒಟ್ಟಿಗೆ ವಾಕಿಂಗ್ ಹೋಗಿದ್ದೆವು. ರಸ್ತೆ ಬದಿಯಲ್ಲಿ ಎಳನೀರಿನ ಗಾಡಿ. ಅಮ್ಮನೇ ಮುಂದೆ ಹೋಗಿ, "ಐದು ಬೊಂಡ ಕೊಡಿ" ಅಂದರು. ನಮ್ಮೂರಲ್ಲಿ ಎಳನೀರಿಗೆ ಬೊಂಡ ಅಂತಲೇ ಹೇಳುವುದು, ನಿಮಗೆ ಗೊತ್ತಿರಬಹುದು. ಗಾಡಿಯವ ಒಮ್ಮೆ ಅಮ್ಮನ ಮುಖ ನೋಡಿ, "ಬೋಂಡ ಬೇಕಂದ್ರೆ ಆ ಕಡೆ ಅಂಗಡೀಗ್ ಹೋಗಿ ಆಂಟಿ, ಬಿಸಿ ಬಿಸಿ ಕರೀತಾವ್ರೆ" ಅಂದ. ಅವನದ್ದೂ ತಮಾಷೆಯೇ. ಗಾಡಿ ಸುತ್ತ ನಿಂತವರೆಲ್ಲ ನಕ್ಕರು, ನನ್ನ ದೋಸ್ತಿಗಳೂ ನಕ್ಕರು.

ಎಲ್ಲರಿಗಿಂತ ಜೋರಾಗಿ ನಕ್ಕದ್ದು ನಾನು.

ನಕ್ಕದ್ದು ಮಾತ್ರ ಅಲ್ಲ, "ಅಮ್ಮಾ, ಇಲ್ಲಿ ಹಾಗೆಲ್ಲ ಹೇಳ್ಬೇಡಿ, ಎಳನೀರು ಅನ್ಬೇಕು" ಅಂತ ತಿದ್ದಿದೆ. ಅದೂ ತುಳುವಿನಲ್ಲಿ ಅಲ್ಲ, ಎಲ್ಲರಿಗೂ ಅರ್ಥ ಆಗುವ ಹಾಗೆ ಬೆಂಗಳೂರಿನ ಕನ್ನಡದಲ್ಲಿ! ಅಮ್ಮನೂ ನಕ್ಕರು. ಎಳನೀರು ಕುಡಿದೆವು, ಗಂಜಿ ತಿಂದೆವು (ಒಳಗಿನ ತಿರುಳಿಗೆ ನಮ್ಮಲ್ಲಿ ಗಂಜಿ ಅಂತಲೂ ಹೇಳ್ತಾರೆ, ಅದನ್ನು ಅಮ್ಮ ಆ ದಿನ ಬಾಯಿ ಬಿಟ್ಟು ಹೇಳಲಿಲ್ಲ). ಆಮೇಲೆ ಉಳಿದ ದಿನವೆಲ್ಲ ಯಾವ ಅಂಗಡಿಗೆ ಹೋದರೂ ಅಮ್ಮ ನನ್ನ ಹಿಂದೆ ನಿಂತು, "ಈ ಪನ್ಲ" (ನೀನು ಹೇಳು) ಅಂತ ನನ್ನನ್ನೇ ಮುಂದೆ ದೂಡ್ತಿದ್ದರು. ಮಾರ್ಕೆಟಿನಲ್ಲಿ ಮೀನಿನವರ ಹತ್ತಿರ ಅರ್ಧ ಗಂಟೆ ಚರ್ಚೆ ಮಾಡುವ ಜನ ನನ್ನಮ್ಮ. ಅವರು ತರಕಾರಿ ಅಂಗಡಿಯಲ್ಲಿ ಬೆರಳು ತೋರಿಸಿ ಸುಮ್ಮನೆ ನಿಂತದ್ದು ನನಗೆ ಆಗ ಹೊಳೆಯಲೇ ಇಲ್ಲ. ಊರಿಗೆ ಬಸ್ಸು ಹತ್ತಿಸಿ ಬಂದ ಮೇಲೂ ಹೊಳೆಯಲಿಲ್ಲ.

ಸರಿ, ಸಿನಿಮಾಕ್ಕೆ ಬರ್ತೇನೆ.

ನಾವು ಸಣ್ಣವರಿರುವಾಗ ಟಿವಿಯಲ್ಲಿ ನೋಡುತ್ತಿದ್ದ ಕನ್ನಡ ಸಿನಿಮಾಗಳಲ್ಲಿ ಮಂಗಳೂರು ಕನ್ನಡ ಬರುತ್ತಿದ್ದದ್ದು ಒಂದೇ ಕಡೆ, ಹೋಟೆಲಿನ ಗಲ್ಲಾದಲ್ಲಿ. ಒಬ್ಬರು ಭಟ್ರು ಇರ್ತಾರೆ, ಇಲ್ಲದಿದ್ದರೆ ಒಬ್ಬ ಮ್ಯಾನೇಜರ್. ಅವರು ಒಂದೊಂದೇ ಅಕ್ಷರ ಬಿಡಿಸಿ, ರಾಗ ಎಳೆದು, "ಎಂಥದ್ದು ಮಾರಾಯ್ರೆ" ಅಂತಾರೆ. ನಾಯಕ, ನಾಯಕಿ, ಖಳನಾಯಕ ಎಲ್ಲರೂ ಬೇರೆ ಕನ್ನಡ, ಇವರೊಬ್ಬರದ್ದು ಮಾತ್ರ ನಮ್ಮ ಕನ್ನಡ. ಅವರು ಬಾಯಿ ತೆರೆದರೆ ಸಾಕು, ಬೇರೆ ಜೋಕು ಬೇಡ. ನಾವೂ ನಗ್ತಿದ್ದೆವು! ಅಪ್ಪ, ಅಮ್ಮ, ನಾನು, ಅಕ್ಕ, ಎಲ್ಲ. 'ಅದು ನಮ್ಮನ್ನೇ ಹೇಳ್ತಿರುವುದು' ಅಂತ ಗೊತ್ತಿದ್ದೂ, ಅವರು ಮಾತಾಡುವ ಹಾಗೆ ನಾವ್ಯಾರೂ ಮಾತಾಡುವುದಿಲ್ಲ ಅಂತ ಗೊತ್ತಿದ್ದೂ ನಗು. ಟಿವಿಯಲ್ಲಿ ನಮ್ಮೂರು ಬಂತಲ್ಲ ಎಂಬ ಖುಷಿಯೇ ಹೆಚ್ಚಿತ್ತು ಅಂತ ಕಾಣ್ತದೆ.

ನಾನು ಪಿಯುಸಿಯಲ್ಲಿದ್ದಾಗ, 2014ರಲ್ಲಿ, ರಕ್ಷಿತ್ ಶೆಟ್ಟಿಯ 'ಉಳಿದವರು ಕಂಡಂತೆ' ಬಂತು. ಆಗ ನನಗೆ ಅರ್ಥ ಆದದ್ದು ಅರ್ಧವೇ. ಒಂದೇ ಘಟನೆಯನ್ನು ಬೇರೆ ಬೇರೆಯವರು ಹೇಳುವುದು, ಹಿಂದೆ ಮುಂದೆ ಹೋಗುವುದು, ಎಲ್ಲ ಕನ್‌ಫ್ಯೂಸ್. ಥಿಯೇಟರಿನಲ್ಲೂ ಅದು ಹೆಚ್ಚು ಓಡಲಿಲ್ಲ, ಆಮೇಲೆ ಜನ ಹುಡುಕಿ ಹುಡುಕಿ ನೋಡಿದ್ದು. ಕಳೆದ ತಿಂಗಳು ಪುನಃ ನೋಡಿದೆ. ಮಲ್ಪೆ, ಅಷ್ಟಮಿ, ಹುಲಿವೇಷ, ಬೋಟು, ಎಲ್ಲ ಚಂದವೇ. ಆದರೆ ಈ ಸಲ ನನ್ನನ್ನು ಹಿಡಿದು ಕೂರಿಸಿದ್ದು ತಾರಾ ಮಾಡಿದ ರತ್ನಕ್ಕ, ಮತ್ತೆ ಎಷ್ಟೋ ವರ್ಷದ ನಂತರ ಅಮ್ಮನನ್ನು ಹುಡುಕಿಕೊಂಡು ಬರುವ ರಿಷಬ್ ಶೆಟ್ಟಿಯ ರಘು. ಅವರಿಬ್ಬರೂ ಮಾತಾಡುವಾಗ ಯಾರಿಗೂ ನಗು ಬರುವುದಿಲ್ಲ. ಅದೇ 'ಉಂಟು', ಅದೇ 'ಎಂಥ', ಆದರೆ ಗಂಟಲು ಕಟ್ತದೆ. ಭಟ್ರ ಗಲ್ಲಾದಲ್ಲಿ ಕುಶಾಲಾಗಿದ್ದ ಭಾಷೆ ಇಲ್ಲಿ ಅಳಿಸ್ತದೆ. (ಕುಶಾಲು ಅಂದ್ರೆ ನಮ್ಮಲ್ಲಿ ತಮಾಷೆ ಅಂತ ಅರ್ಥ. ಯಾರಾದರೂ ನಂಬಲಿಕ್ಕಾಗದ ಮಾತು ಹೇಳಿದರೆ "ಕುಶಾಲಾ?" ಅಂತ ಕೇಳ್ತೇವೆ.)

ಅದೇಕೆ ಹಾಗೆ ಅಂತ ಯೋಚನೆ ಮಾಡಿದಾಗ ನನಗೆ ಹೊಳೆದದ್ದು ತುಂಬ ಸಣ್ಣ ವಿಷಯ. ಸಿನಿಮಾದಲ್ಲಿ ಒಬ್ಬ ಮಾತ್ರ ಮಂಗಳೂರು ಕನ್ನಡ ಮಾತಾಡಿದರೆ ಅದು ಕಾಮಿಡಿ. ಎಲ್ಲರೂ ಮಾತಾಡಿದರೆ ಅದು ಬರೀ ಮಾತು. ಅಷ್ಟೇ!

ಇದನ್ನು ಹಿಡಿದುಕೊಂಡು ಉಳಿದ ಸಿನಿಮಾ ನೋಡಿದರೆ ಲೆಕ್ಕ ಸರಿ ಬರ್ತದೆ. ರಾಜ್ ಬಿ. ಶೆಟ್ಟಿಯ 'ಒಂದು ಮೊಟ್ಟೆಯ ಕಥೆ' (2017) ನೋಡುವಾಗ ನಾನು ಇಂಜಿನಿಯರಿಂಗ್‌ನಲ್ಲಿದ್ದೆ. ಕೂದಲು ಉದುರಿದ, ಮದುವೆಗೆ ಹುಡುಗಿ ಸಿಗದ ಕನ್ನಡ ಲೆಕ್ಚರರ್ ಜನಾರ್ದನನನ್ನು ನೋಡಿ ನಮ್ಮ ಇಡೀ ಬೆಂಚು ಬಿದ್ದು ಬಿದ್ದು ನಕ್ಕಿತ್ತು. ಜನಾರ್ದನನಿಗೆ ಇಪ್ಪತ್ತೆಂಟು. ಈಗ ನನಗೂ ಇಪ್ಪತ್ತೆಂಟು, ಸ್ನಾನ ಮಾಡಿ ನೆತ್ತಿಯ ಮೇಲೆ ಕೈ ಹೋದಾಗಲೆಲ್ಲ ಆ ಪಾಪಕ್ಕೆ ಇದು ಶಿಕ್ಷೆ ಅನ್ನಿಸ್ತದೆ :-( ಆದರೆ ಗಮನಿಸಿ, ನಾವು ನಕ್ಕದ್ದು ಅವನ ತಲೆಗೆ, ಅವನ ಫಜೀತಿಗೆ. ಅವನ ಭಾಷೆಗೆ ಅಲ್ಲ. ಅವನ ಸುತ್ತ ಇರುವ ಅಪ್ಪ, ಅಮ್ಮ, ಕಾಲೇಜಿನವರು ಎಲ್ಲ ಹಾಗೆಯೇ ಮಾತಾಡುವುದಲ್ಲವಾ, ಮತ್ತೆ ಭಾಷೆಗೆ ನಗುವುದು ಯಾರು?

'ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ' (2018) ಅಂತೂ ಭಾಷೆಯದ್ದೇ ಕಥೆ. ರಿಷಬ್ ಶೆಟ್ಟಿಯ ಸಿನಿಮಾಗಳಲ್ಲಿ ನನಗೆ ಇವತ್ತಿಗೂ ಹೆಚ್ಚು ಇಷ್ಟ ಇದೇ. ಗಡಿಯ ಆಚೆ ಉಳಿದುಹೋದ ಕನ್ನಡ ಶಾಲೆ, ಅದನ್ನು ಮುಚ್ಚಲಿಕ್ಕೆ ಹೊರಟವರು, ಆ ಮಕ್ಕಳು. ಅನಂತನಾಗ್ ಬಂದ ಮೇಲೆ ಸ್ವಲ್ಪ ಸಿನಿಮೀಯ ಆಯ್ತು ಅಂತ ನನಗೆ ಅನ್ನಿಸಿದ್ದು ಹೌದು. ಆದರೆ ಆ ಮಕ್ಕಳ ಕನ್ನಡ ಉಂಟಲ್ಲ, ಅದಕ್ಕೆ ಸಾಟಿ ಇಲ್ಲ. ಅತ್ಯುತ್ತಮ ಮಕ್ಕಳ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಬಂದದ್ದು ಸುಮ್ಮನೆ ಅಲ್ಲ.

'ಗರುಡ ಗಮನ ವೃಷಭ ವಾಹನ' (2021) ಅಮ್ಮನ ಜೊತೆ ನೋಡುವ ಸಿನಿಮಾ ಅಲ್ಲ. ನಾನು ನೋಡಿ ತಪ್ಪು ಮಾಡಿದೆ, ನೀವು ಮಾಡಬೇಡಿ! ರಕ್ತ ನೋಡಿ ಅಮ್ಮ ಎದ್ದು ಹೋದವರು ಮತ್ತೆ ಬರಲಿಲ್ಲ. ಮಂಗಳಾದೇವಿಯ ಓಣಿಗಳಲ್ಲಿ ಕ್ರಿಕೆಟ್ ಆಡುವ ಹುಡುಗರು, ಮಳೆಯಲ್ಲಿ ಶಿವ ಹುಲಿ ಹೆಜ್ಜೆ ಹಾಕುವುದು... ಅದನ್ನು ನೋಡಿದ ಮೇಲೆ ನಾನು ಮಂಗಳಾದೇವಿ ಕಡೆ ಹೋಗುವಾಗ ಬೈಕ್ ಸ್ವಲ್ಪ ನಿಧಾನ ಮಾಡ್ತೇನೆ. ಈ ಸಿನಿಮಾದಲ್ಲಿ ಒಂದು ಉಲ್ಟಾ ಉಂಟು. ಇಲ್ಲಿ ಹೊರಗಿನವನು ಗೋಪಾಲಕೃಷ್ಣ ದೇಶಪಾಂಡೆ ಮಾಡಿದ ಪೊಲೀಸ್ ಬ್ರಹ್ಮಯ್ಯ. ಊರಿನವರ ನಡುವೆ ಅವನ ಕನ್ನಡವೇ ಬೇರೆ. ಆದರೆ ಅವನನ್ನು ಕಾಮಿಡಿ ಮಾಡಲಿಲ್ಲ. ಹೆದರಿದ, ಸಿಕ್ಕಿಹಾಕಿಕೊಂಡ ಒಬ್ಬ ಮನುಷ್ಯನ ಹಾಗೆ ತೋರಿಸಿದರು. ನಮ್ಮನ್ನು ಭಟ್ರ ಗಲ್ಲಾದಲ್ಲಿ ಕೂರಿಸಿದ್ದಕ್ಕೆ ಅವರು ಸೇಡು ತೀರಿಸಿಕೊಳ್ಳಬಹುದಿತ್ತು, ತೀರಿಸಿಕೊಳ್ಳಲಿಲ್ಲ. ರಾಜ್ ಶೆಟ್ಟಿಗೆ ಒಂದು ಸಲಾಂ.

ಇನ್ನು 'ಕಾಂತಾರ'. ಹೇಳದಿದ್ದರೆ ಊರಲ್ಲಿ ತಿರುಗಾಡಲಿಕ್ಕಿಲ್ಲ. 2022ರ ಸೆಪ್ಟೆಂಬರ್ ಕೊನೆಗೆ ಬಂದ ಮೊದಲನೆಯದ್ದನ್ನು ನಾನು ಬೆಂಗಳೂರಿನಲ್ಲಿ ನೋಡಿದೆ, ಅಮ್ಮ ಇಲ್ಲಿ ನೋಡಿದರು. ಕೊನೆಯ ದೃಶ್ಯದಲ್ಲಿ ಅಮ್ಮ ಸೀಟಿನಲ್ಲಿ ಕೈ ಮುಗಿದು ಕೂತಿದ್ದರಂತೆ. ನಾನು ಕೂತಿದ್ದ ಥಿಯೇಟರಿನಲ್ಲಿ ಶಿಳ್ಳೆ. ಎರಡೂ ಸರಿಯೇ ಇರಬಹುದು. ಆದರೆ ಮರುದಿನ ಆಫೀಸಿನಲ್ಲಿ ದೈವದ ಕೂಗನ್ನು ಕ್ಯಾಂಟೀನಿನಲ್ಲಿ ಕೂಗಿದಾಗ ನನಗೆ ಒಂಥರಾ ಆಯ್ತು. 2025ರ ಅಕ್ಟೋಬರ್‌ನಲ್ಲಿ 'ಕಾಂತಾರ ಚಾಪ್ಟರ್ 1' ಬಂದಾಗ ಕೆಲವರು ದೈವದ ವೇಷ ಹಾಕಿಯೇ ಥಿಯೇಟರಿಗೆ ಬಂದರು, ಹಾಗೆ ಮಾಡಬೇಡಿ ಅಂತ ಸಿನಿಮಾದವರೇ ಕೇಳಿಕೊಳ್ಳಬೇಕಾಯ್ತು. ಮತ್ತೊಂದು ಮಾತು. ನನ್ನ ಟೀಮಿನಲ್ಲಿ ಉತ್ತರ ಭಾರತದವರೆಲ್ಲ 'ಕಾಂತಾರ' ನೋಡಿದ್ದು ಹಿಂದಿಯಲ್ಲಿ. ಅವರಿಗೆ ಕಾಡು ಗೊತ್ತು, ಕಂಬಳ ಗೊತ್ತು, ದೈವ ಗೊತ್ತು. ಆದರೆ ಆ ಊರಿನವರು ಯಾವ ಭಾಷೆ ಮಾತಾಡ್ತಾರೆ ಅಂತ ಗೊತ್ತಿಲ್ಲ. ಅವರು ಬಿಡಿ, ಬೆಂಗಳೂರಿನ ಕನ್ನಡದವರಿಗೂ ಅದು 'ಮಂಗಳೂರು ಕನ್ನಡ'ವೇ. ಅದು ಕುಂದಾಪ್ರ ಕನ್ನಡ ಮಾರಾಯ್ರೆ, ಬೇರೆ! ಅಲ್ಲಿಯವರು ಆಸಾಡಿ ಅಮಾಸಿಯ ದಿನ ತಮ್ಮ ಭಾಷೆಗೆ ಅಂತಲೇ ಒಂದು ಹಬ್ಬ ಮಾಡ್ತಾರೆ. ಅವರಿಗೆ 'ನೀವು ಮಂಗಳೂರು ಕನ್ನಡದವರಾ' ಅಂತ ಕೇಳಿ ನೋಡಿ, ಆಮೇಲೆ ಆಗುವುದಕ್ಕೆ ನಾನು ಜವಾಬ್ದಾರ ಅಲ್ಲ :-)

ಟಿವಿ ಕಡೆಗೂ ಸ್ವಲ್ಪ ಬರುವಾ. ಅಮ್ಮ ಬಿಗ್ ಬಾಸ್ ಬಿಡುವುದಿಲ್ಲ. 2022ರಲ್ಲಿ ಒಂಬತ್ತನೇ ಸೀಸನ್‌ನಲ್ಲಿ ನಮ್ಮ ರೂಪೇಶ್ ಶೆಟ್ಟಿ ಗೆದ್ದಾಗ ನಮ್ಮ ಮನೆಯಲ್ಲಿ ಪಾಯಸ ಆಗಿತ್ತು. 2025ರಲ್ಲಿ ಶುರುವಾದ ಹನ್ನೆರಡನೇ ಸೀಸನ್‌ಗೆ ಮೀನಿನ ಅಡಿಗೆ ವಿಡಿಯೋಗಳಿಂದ ಹೆಸರಾದ ರಕ್ಷಿತಾ ಶೆಟ್ಟಿ ಬಂದಳು. ಮುಂಬಯಿಯಲ್ಲಿ ಬೆಳೆದ ತುಳು ಹುಡುಗಿ. ಅವಳ ಕನ್ನಡದಲ್ಲಿ ತುಳು ಉಂಟು, ಹಿಂದಿ ಉಂಟು, ವ್ಯಾಕರಣ ಮಾತ್ರ ಹುಡುಕಬೇಕು! ಎಷ್ಟು ಜನ ನಕ್ಕರು, ಎಷ್ಟು ಜನ ಅವಳ ಹಾಗೆ ಮಾತಾಡಿ ರೀಲ್ಸ್ ಮಾಡಿದರು. ಆದರೆ ಅವಳು ಒಂದು ದಿನವೂ ತನ್ನ ಮಾತು ಬದಲು ಮಾಡಲಿಕ್ಕೆ ಹೋಗಲಿಲ್ಲ. ಜಗಳವೂ ಅದೇ ಭಾಷೆಯಲ್ಲಿ, ಅಳುವೂ ಅದೇ ಭಾಷೆಯಲ್ಲಿ. ಕೊನೆಯ ವಾರದವರೆಗೂ ಉಳಿದಳು. ನಾನು ಮೂರು ತಿಂಗಳಲ್ಲಿ 'ಉಂಟು' ಬಿಟ್ಟವ. ಸೋಫಾದ ಮೇಲೆ ಕೂತು ಅವಳನ್ನು ನೋಡುವಾಗ ಸ್ವಲ್ಪ ನಾಚಿಕೆ ಆಯ್ತು, ಸುಳ್ಳು ಯಾಕೆ ಹೇಳಲಿ.

ಅಮ್ಮನ ಕಾಲದ ಒಂದು ಧಾರಾವಾಹಿಯನ್ನೂ ಹುಡುಕಿ ನೋಡಿದೆ. ಸದಾನಂದ ಸುವರ್ಣರ 'ಗುಡ್ಡದ ಭೂತ'. ದೂರದರ್ಶನದಲ್ಲಿ ಬಂದದ್ದು ನಾನು ಹುಟ್ಟುವ ಎಷ್ಟೋ ಮೊದಲು, ತೊಂಬತ್ತರ ಆಸುಪಾಸಿನಲ್ಲಿ. ತೀರಾ ಎಳೆಯ ಪ್ರಕಾಶ್ ರೈ ಅದರಲ್ಲಿದ್ದಾರೆ. ಅದರ 'ಡೆನ್ನಾನ' ಹಾಡು 2015ರ 'ರಂಗಿತರಂಗ'ದಲ್ಲಿ ಪುನಃ ಬಂತಲ್ಲ, ನಾನು ಮೊದಲು ಕೇಳಿದ್ದೂ ಅಲ್ಲೇ. ಅಮ್ಮ ಹೇಳ್ತಾರೆ, ಆ ಧಾರಾವಾಹಿ ಬರುವ ದಿನ ಅಕ್ಕಪಕ್ಕದವರೆಲ್ಲ ಟಿವಿ ಇದ್ದ ಒಂದೇ ಮನೆಯಲ್ಲಿ ಸೇರುತ್ತಿದ್ದರಂತೆ, ನೋಡಿ ಆದ ಮೇಲೆ ಕತ್ತಲೆಯಲ್ಲಿ ಮನೆಗೆ ಹೋಗಲಿಕ್ಕೆ ಹೆದರಿಕೆ ಆಗಿ ಎಲ್ಲರೂ ಗುಂಪಾಗಿ ಹೋಗುತ್ತಿದ್ದರಂತೆ.

ಈಗ 'ಸು ಫ್ರಮ್ ಸೋ'ಗೆ ವಾಪಸು. ಅಲ್ಲೂ ಊರಿಗೇ ಹಿಡಿದ ಭೂತದ ಹೆದರಿಕೆ. ಮರ್ಲೂರು ಅಂತ ಒಂದು ಊರು, ಅಲ್ಲಿ ಅಶೋಕ ಅಂತ ಒಬ್ಬ ಹುಡುಗ, ಅವನ ಮೈಮೇಲೆ ಸೋಮೇಶ್ವರದ ಸುಲೋಚನ ಬಂದಿದ್ದಾಳೆ ಅಂತ ಸುದ್ದಿ. ಬರೆದು, ನಿರ್ದೇಶಿಸಿ, ಅಶೋಕನೂ ಆದವರು ಜೆ.ಪಿ. ತುಮಿನಾಡ್, ಮಂಜೇಶ್ವರದ ಹತ್ತಿರದ ತುಮಿನಾಡಿನವರು. ನಾಟಕದಿಂದ ಬಂದವರು. ರವಿಯಣ್ಣ ಆಗಿ ಶನೀಲ್ ಗೌತಮ್, ಗುರೂಜಿ ಆಗಿ ರಾಜ್ ಬಿ. ಶೆಟ್ಟಿ. ದೊಡ್ಡ ಹೀರೋ ಇಲ್ಲ, ದೊಡ್ಡ ಬಜೆಟ್ ಇಲ್ಲ, ಆದರೂ ನೂರು ಕೋಟಿ ದಾಟಿತು ಅಂತ ಪೇಪರಿನಲ್ಲಿ ಬಂತು. ಮಲಯಾಳ, ತೆಲುಗಿಗೂ ಹೋಯ್ತು. ರವಿಯಣ್ಣನಂಥವರು ನಮ್ಮ ಪ್ರತಿ ಊರಿಗೆ ಒಬ್ಬರು ಇದ್ದಾರೆ. ಮದುವೆ ಆಗಲಿ, ಸಾವಾಗಲಿ, ಕ್ರಿಕೆಟ್ ಟೂರ್ನಮೆಂಟ್ ಆಗಲಿ ಅವರಿಲ್ಲದೆ ಆಗುವುದಿಲ್ಲ. ಕೊನೆಗೆ ಬರುವಾಗ ನಗು ಎಲ್ಲ ನಿಂತು ಕಥೆ ಬೇರೆ ಕಡೆ ತಿರುಗುತ್ತದೆ, ಸುಲೋಚನಳ ಮಗಳು ಭಾನುವಿನ ಕಡೆ. ನೋಡದವರಿಗಾಗಿ ಅದನ್ನು ಹೇಳುವುದಿಲ್ಲ. ನನಗೆ ಆ ತಿರುವು ಸ್ವಲ್ಪ ಅವಸರದಲ್ಲಿ ಆಯ್ತು ಅನ್ನಿಸಿತು, ಅಮ್ಮನಿಗೆ ಅದೇ ಭಾಗ ಹೆಚ್ಚು ಇಷ್ಟ.

ಆ ದಿನ ಭಾರತ್ ಮಾಲಿನಲ್ಲಿ ಇಡೀ ಥಿಯೇಟರು ನಗುವಾಗ ನಾನು ಸಿನಿಮಾ ಬಿಟ್ಟು ಪಕ್ಕದಲ್ಲಿದ್ದ ಅಮ್ಮನನ್ನು ನೋಡಿದೆ. ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಗ್ತಾ ಇದ್ದರು. ಆಗ ಎಳನೀರಿನ ಗಾಡಿ ನೆನಪಾಯ್ತು. ಮೂರು ವರ್ಷ ಬೇಕಾಯ್ತು ನೋಡಿ, ಹೊಳೆಯಲಿಕ್ಕೆ. ಅಲ್ಲೂ ಎಲ್ಲರೂ ನಕ್ಕಿದ್ದರು, ಅಮ್ಮನೂ ನಕ್ಕಿದ್ದರು. ಆದರೆ ಅಲ್ಲಿ ಆ ಭಾಷೆಯವರು ಅಮ್ಮ ಒಬ್ಬರೇ ಇದ್ದದ್ದು. ಇನ್ನೊಬ್ಬ ಇದ್ದ, ಅವನು ಆಚೆ ಕಡೆ ಹೋಗಿ ನಿಂತಿದ್ದ.

ಸುಮ್ಮನೆ ಬೆಂಗಳೂರಿನವರನ್ನು ಬೈದು ಮುಗಿಸಿದರೆ ಅದೂ ಮೋಸ. ನಾವೇನು ಕಡಿಮೆಯಾ? ನಮ್ಮ ತುಳು ನಾಟಕ, ತುಳು ಕಾಮಿಡಿಗಳಲ್ಲಿ ಘಟ್ಟದ ಮೇಲಿಂದ ಕೆಲಸಕ್ಕೆ ಬಂದವರ ಕನ್ನಡ ಎಷ್ಟು ಸಲ ಕುಶಾಲಾಗಿಲ್ಲ? ರಸ್ತೆ ಕೆಲಸಕ್ಕೆ ಬಂದ ಉತ್ತರ ಕರ್ನಾಟಕದವ ಒಬ್ಬ, ಅವನು ಬಾಯಿ ತೆರೆದರೆ ಸಾಕು, ಸಭೆ ಇಡೀ ನಗು. ಕಳೆದ ತಿಂಗಳು ಅಂಥದ್ದೇ ಒಂದು ವಿಡಿಯೋವನ್ನು ನಾನೇ ಮೂರು ಜನರಿಗೆ ಫಾರ್ವರ್ಡ್ ಮಾಡಿದ್ದೆ. ನಮ್ಮ ಮನೆಯ ಎದುರು ಕಾಂಕ್ರೀಟ್ ಹಾಕಲಿಕ್ಕೆ ಬಂದಿದ್ದ ಗದಗದ ಕಡೆಯ ಒಬ್ಬರು ಅಮ್ಮನ ಹತ್ತಿರ ನೀರು ಕೇಳುವಾಗ ಎಷ್ಟು ಸಣ್ಣ ಸ್ವರದಲ್ಲಿ ಕೇಳಿದರು! ಆಗ ನನಗೆ ಆ ವಿಡಿಯೋ ನೆನಪಾಯ್ತು. ನಮ್ಮೂರಿನಲ್ಲಿ ಆ ಒಬ್ಬ ಅವರೇ ಅಲ್ಲವಾ. ಗಾಡಿಯವ ನಾವೇ.

ಕೊನೆಗೆ ಒಂದು ಒಳ್ಳೆ ಸುದ್ದಿ. ನಾನು 2024ರಲ್ಲೇ ಊರಿಗೆ ವಾಪಸು ಬಂದೆ. ಬಂದ ಹೊಸತರಲ್ಲಿ ಸ್ಟೇಟ್‌ಬ್ಯಾಂಕಿನ ಬಸ್ಸಿನಲ್ಲಿ ಕಂಡಕ್ಟರ್ ಎಲ್ಲರಿಗೂ "ದುಂಬು ಪೋಲೆ" ಅಂತ ಹೇಳಿ ನನಗೆ ಮಾತ್ರ "ಸರ್, ಮುಂದೆ ಹೋಗಿ" ಅಂದಾಗ ಆದ ಬೇಜಾರು ಅಷ್ಟಿಷ್ಟಲ್ಲ. ಈಗ ಸರಿ ಆಗಿದ್ದೇನೆ! ಮೊನ್ನೆ ಡಿಸೆಂಬರ್ ರಜೆಯಲ್ಲಿ ಆ ತುಮಕೂರಿನ ದೋಸ್ತಿ ನಮ್ಮ ಮನೆಗೆ ಬಂದ. ಸಿನಿಮಾ ನೋಡಿದವ, ಸೋಮೇಶ್ವರದ ಬೀಚು ನೋಡಲೇಬೇಕಂತೆ. ಬಾಗಿಲಲ್ಲೇ ಅಮ್ಮನಿಗೆ, "ಎಂಥ ಮಾರಾಯ, ಹೇಗೆ ಉಂಟು ನೀವು?" ಅಂದ. ನನ್ನ ಎದೆ ಧಸಕ್ ಅಂತು. ಅಮ್ಮ ಒಳಗೆ ಹೋಗಿ ಸುಮ್ಮನಾಗ್ತಾರೆ ಅಂತ ಎಣಿಸಿದೆ.

ಅಮ್ಮ ಕೋರಿರೊಟ್ಟಿಯ ತಟ್ಟೆ ಅವನ ಎದುರು ಇಟ್ಟು, ಎದುರಿಗೇ ಕುರ್ಚಿ ಎಳೆದುಕೊಂಡು ಕೂತರು. "ಹಾಗಲ್ಲ ಮಗಾ. ನನಗೆ ಮಾರಾಯ ಹೇಳ್ಲಿಕ್ಕಿಲ್ಲ. ಹೆಂಗಸರಿಗೆ ಮಾರಾಯ್ತಿ, ಅದು ಸಮ ಪ್ರಾಯದವರಿಗೆ. ದೊಡ್ಡವರಿಗೆ ಮಾರಾಯ್ರೆ ಹೇಳ್ಬೇಕು. ಮತ್ತೆ ಹೇಗೆ ಉಂಟು ಕೇಳುದು ಸಾಮಾನಿಗೆ, ಮನುಷ್ಯರಿಗೆ ಹೇಗಿದ್ದೀರಿ ಹೇಳ್ಬೇಕು."

"ಸರಿ ಆಂಟಿ. ಹೇಗಿದ್ದೀರಿ ಮಾರಾಯ್ರೆ?"

"ಹಾಂ, ಈಗ ಸರಿ ಆಯ್ತು. ಇನ್ನೊಂದು ತುಂಡು ಹಾಕ್ಲಾ?"

ಮೂರು ದಿನ ಇದ್ದ. ಮೂರು ದಿನವೂ ಪಾಠ. ಅವನು ತಪ್ಪು ಹೇಳಿದಾಗೆಲ್ಲ ಅಮ್ಮ ನಕ್ಕರು, ಅಮ್ಮ ನಕ್ಕಾಗೆಲ್ಲ ಅವನೂ ನಕ್ಕ. ನಾನು ನಡುವೆ ಬಾಯಿ ಹಾಕಲಿಲ್ಲ. ಹೊರಡುವ ದಿನ ಸೋಮೇಶ್ವರದ ದಾರಿಯಲ್ಲಿ ಅವನೇ ಇಳಿದು ಹೋಗಿ "ಮೂರು ಬೊಂಡ ಕೊಡಿ" ಅಂತ ಕೇಳಿ ತಂದ.

ಆದರೆ ಎಲ್ಲ ಸರಿ ಆಯ್ತು ಅಂತ ಹೇಳಲಾರೆ.

ಬರುವ ತಿಂಗಳು ಬೆಂಗಳೂರಿನಲ್ಲಿ ಅಕ್ಕನ ನಾದಿನಿಯ ಮದುವೆ. ಮೊನ್ನೆ ಸಿನಿಮಾ ಮುಗಿದ ಮೇಲೆ ಟಿಕೆಟ್ ಬುಕ್ ಮಾಡ್ತಾ ಇದ್ದೆ. ಅಮ್ಮ ಸೀರೆ ಮಡಚುತ್ತಾ ಸಹಜವಾಗಿ ಹೇಳಿದರು, "ಅಲ್ಲಿ ಅಂಗಡಿಗೆಲ್ಲ ನೀನೇ ಮಾತಾಡು, ಆಯ್ತಾ." ಇಷ್ಟು ಹೊತ್ತು ನಕ್ಕ ಬಾಯಿಯಲ್ಲೇ ಹೇಳಿದರು. ಸಿನಿಮಾ ಎಷ್ಟು ಕೋಟಿ ಮಾಡಿದರೇನು, ಮಗ ಮಾಡಿದ್ದು ಅಷ್ಟು ಬೇಗ ಹೋಗುವುದಿಲ್ಲ.

ನಾನು "ಆಯ್ತಮ್ಮ" ಅಂದೆ. ಹೋದ ದಿನವೇ ಅಮ್ಮನನ್ನು ಕರಕೊಂಡು ಅದೇ ರಸ್ತೆಗೆ ಹೋಗಬೇಕು ಅಂತ ಉಂಟು. ಆ ಗಾಡಿಯವ ಈಗಲೂ ಅಲ್ಲೇ ಇದ್ದರೆ ಅವನ ಹತ್ತಿರ, ಇಲ್ಲದಿದ್ದರೆ ಬೇರೆ ಯಾರಾದರೂ ಒಬ್ಬರ ಹತ್ತಿರ, ಜೋರಾಗಿ "ಎರಡು ಬೊಂಡ ಕೊಡಿ" ಅಂತ ನಾನೇ ಕೇಳ್ತೇನೆ. ನಕ್ಕರೆ ನಗಲಿ. ಈ ಸಲ ನಾವು ಇಬ್ಬರು ಇರ್ತೇವೆ.

ನಿಮ್ಮೂರಿನ ಕನ್ನಡದ ಕಥೆ ಎಂಥದ್ದು? ಹುಬ್ಬಳ್ಳಿಯವರು, ಚಾಮರಾಜನಗರದವರು, ಕುಂದಾಪ್ರದವರು... ನಿಮಗೂ ಹೀಗೆ ಆದದ್ದು ಉಂಟಾ? ಹೇಳಿ ಮಾರಾಯ್ರೆ.